ಮೋಗ್ಲಿಂಗರ ಗೆಳೆಯನ ಊರಿನಲ್ಲಿ ನಾಲ್ಕು ದಿನ

ಮೊದಲ ದಿನ, ಶುಕ್ರವಾರ

"ಅಮ್ಮ, ಕಾಲ್ವ್ ಅಲ್ಲ, ಕಾಲ್ಫ್" ಎಂದು ಟಿಕೆಟ್ ತೆಗೆಯುವಾಗಲೇ ಮಗಳು ತಿದ್ದಿದಳು. ಜರ್ಮನಿಯ ಈ ಊರಿನ ಹೆಸರು ಬರೆಯುವುದು ಒಂದು, ಹೇಳುವುದು ಇನ್ನೊಂದು. ಮೂವತ್ತು ವರ್ಷ ಮಂಗಳೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಬರೆದಂತೆ ಓದಿ, ಓದಿದಂತೆ ಬರೆಯಿರಿ ಅಂತ ಮಕ್ಕಳಿಗೆ ಹೇಳಿ ಹೇಳಿ ಅಭ್ಯಾಸ. ಹಾಗಾಗಿ ನಾಲ್ಕಾರು ಸಲ ಬಾಯಲ್ಲೇ ಹೇಳಿಕೊಂಡು ರೂಢಿ ಮಾಡಿಕೊಂಡೆ.

ಮಗಳು, ಅಳಿಯ ಇರುವುದು ಸ್ಟುಟ್‌ಗಾರ್ಟ್ ಪಕ್ಕ. ಮನೆಯವರು ಮೊಮ್ಮಗನ ಜೊತೆ ಉಳಿದರು. ಮಗಳು ಎರಡು ದಿನ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೊರಟಳು. ಈ ಊರಿಗೆ ಹೋಗಬೇಕು ಅಂತ ಹಟ ಹಿಡಿದವಳು ನಾನೇ. ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನದ ಪಾಠ ಮಾಡುವಾಗ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಹೆಸರು ಹೇಳುತ್ತಿದ್ದೆ. 1843ರ ಆ ದಿನ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಅವರ 'ಮಂಗಳೂರ ಸಮಾಚಾರ' ಹೊರಬಂತು, ಅದೇ ಕನ್ನಡದ ಮೊದಲ ಪತ್ರಿಕೆ ಅಂತ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆಮೇಲೆ ಆ ಮನುಷ್ಯ ಏನಾದ, ಅವನ ಕಥೆಯನ್ನು ಯಾರು ಬರೆದಿಟ್ಟರು ಅಂತ ನಾನೂ ಕೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ನಿವೃತ್ತಿಯಾದ ಮೇಲೆ ಸುಮ್ನೆ ಓದುತ್ತಾ ಕುಳಿತಾಗ ಗೊತ್ತಾಯಿತು. ಮೋಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ. ಮರುವರ್ಷವೇ ಅವರ ಜೀವನಚರಿತ್ರೆ ಜರ್ಮನ್ ಭಾಷೆಯಲ್ಲಿ ಬಂತು. ಬರೆದವರು ಅವರ ಗೆಳೆಯ ಹರ್ಮನ್ ಗುಂಡರ್ಟ್. ಆ ಪುಸ್ತಕದ ಮೇಲೆ ಅಚ್ಚಾದ ಊರಿನ ಹೆಸರು ಕಾಲ್ಫ್.

ನಗರ ರೈಲಿನಲ್ಲಿ ವೈಲ್ ಡೆರ್ ಶ್ಟಾಟ್ ತನಕ ಹೋದೆವು. ಹಳೆಯ ಕೋಟೆಗೋಡೆ ಅಲ್ಲಲ್ಲಿ ಉಳಿದಿರುವ ಪುಟ್ಟ ಊರು. ಗ್ರಹಗಳ ದಾರಿ ದುಂಡಗಿಲ್ಲ, ದೀರ್ಘವೃತ್ತ ಎಂದು ಲೆಕ್ಕ ಹಾಕಿ ತೋರಿಸಿದ ಕೆಪ್ಲರ್ 1571ರಲ್ಲಿ ಹುಟ್ಟಿದ್ದು ಇಲ್ಲಿ. ಚೌಕದಲ್ಲಿ ಅವರ ದೊಡ್ಡ ಪ್ರತಿಮೆ ಇದೆ. ಒಂದು ಟೀ ಕುಡಿದು ಬಸ್ ಹಿಡಿದೆವು.

ಇಲ್ಲಿಂದ ಕಾಲ್ಫ್‌ಗೆ ರೈಲು ಹಳಿ ಬಂದದ್ದು 1872ರಲ್ಲಿ. 1983ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಅದನ್ನು ಮತ್ತೆ ಓಡಿಸುವ ಕೆಲಸಕ್ಕೆ ಕಾಲ್ಫ್‌ನಲ್ಲಿ ಹುಟ್ಟಿದ ಸಾಹಿತಿಯ ಹೆಸರಿನಲ್ಲಿ ಹರ್ಮನ್ ಹೆಸ್ಸೆ ರೈಲು ಅಂತ ಹೆಸರಿಟ್ಟರು. ನಾವು ಹೋದಾಗ ಇನ್ನೂ ಶುರುವಾಗಿರಲಿಲ್ಲ. ಅಷ್ಟು ವರ್ಷ ಖಾಲಿ ಬಿದ್ದ ಸುರಂಗಗಳಲ್ಲಿ ಬಾವಲಿಗಳು ಮನೆ ಮಾಡಿಕೊಂಡಿದ್ದವು. ಅವುಗಳನ್ನು ಓಡಿಸುವಂತಿಲ್ಲ, ಕಾನೂನಿನ ರಕ್ಷಣೆ ಇದೆ. ಕೊನೆಗೆ ಸುರಂಗದ ಒಳಗೇ ಗೋಡೆ ಹಾಕಿ ಒಂದು ಪಾಲು ರೈಲಿಗೆ, ಒಂದು ಪಾಲು ಬಾವಲಿಗೆ ಅಂತ ಮಾಡಿದರು. ಮಗಳು ಇದನ್ನು ಬಸ್ಸಿನಲ್ಲಿ ಹೇಳಿದಾಗ ನನಗೆ ಬಹಳ ಖುಷಿಯಾಯಿತು. ವರ್ಷಗಟ್ಟಲೆ ತಡವಾದರೂ ಆಗಲಿ, ಎರಡಕ್ಕೂ ಜಾಗ ಮಾಡಿಕೊಟ್ಟರಲ್ಲ.

ಬಸ್ಸು ಬಯಲು ದಾಟಿ ಇಳಿಜಾರಿಗೆ ತಿರುಗಿತು. ಎರಡೂ ಕಡೆ ಕಡುಹಸಿರು ಫರ್ ಮರಗಳು. ಬ್ಲ್ಯಾಕ್ ಫಾರೆಸ್ಟ್ ಎನ್ನುವ ಕಾಡಿನ ಉತ್ತರದ ತುದಿ ಇದು. ಕೆಳಗೆ ಸಣ್ಣ ಕಣಿವೆ, ನಡುವೆ ನಾಗೋಲ್ಡ್ ನದಿ, ನದಿಗೆ ಒತ್ತಿಕೊಂಡು ಕೆಂಪು ಹೆಂಚಿನ ಮನೆಗಳು. ಊರಿನ ಜನಸಂಖ್ಯೆ ಸುಮಾರು 23 ಸಾವಿರ. ಹೆಚ್ಚಿನವರು ಗುಡ್ಡದ ಮೇಲಿನ ಹೊಸ ಬಡಾವಣೆಗಳಲ್ಲೂ 1975ರಲ್ಲಿ ಸೇರಿಸಿಕೊಂಡ ಹಳ್ಳಿಗಳಲ್ಲೂ ಇದ್ದಾರೆ. ಕಣಿವೆಯ ಹಳೆ ಊರನ್ನು ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಸಬಹುದು.

ನಾವು ಉಳಿದುಕೊಂಡದ್ದು ಹಳೆ ಊರಿನ ಒಂದು ಮನೆಯ ಎರಡನೇ ಮಹಡಿಯಲ್ಲಿ. ಮನೆಯೊಡತಿಗೆ ಎಂಬತ್ತರ ಹತ್ತಿರ ವಯಸ್ಸು, ಕೆಳಗಿನ ಮಹಡಿಯಲ್ಲಿ ಇದ್ದಾರೆ. ಮೆಟ್ಟಿಲ ಹತ್ತಿರ ಒಂದು ಬಾಗಿಲಿಗೆ ಸಣ್ಣ ಮರದ ಹಲಗೆ ನೇತುಹಾಕಿತ್ತು. ಅದೇನೆಂದು ಕೇಳಿದೆ. "ಕೇರ್‌ವೋಖೆ" ಎಂದರು. ಗುಡಿಸುವ ವಾರ ಅಂತ ಅರ್ಥ. ಈ ವಾರ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸುವ ಸರದಿ ಆ ಮನೆಯವರದ್ದು. ವಾರ ಮುಗಿದ ಮೇಲೆ ಹಲಗೆ ಮುಂದಿನ ಬಾಗಿಲಿಗೆ ಹೋಗುತ್ತದೆ. ಈ ಶ್ವಾಬಿಯಾ ಸೀಮೆಯಲ್ಲಿ ತಲೆತಲಾಂತರದಿಂದ ನಡೆದು ಬಂದ ಪದ್ಧತಿ ಇದು. ನನಗೆ ಬೆಳಗ್ಗೆ ಅಂಗಳ ಗುಡಿಸಿ ನೀರು ಚಿಮುಕಿಸುವ ನಮ್ಮ ಓಣಿ ಕಣ್ಣಮುಂದೆ ಬಂತು.

ಸಂಜೆ ನಿಕೋಲಸ್ ಸೇತುವೆಗೆ ಹೋದೆವು. ಕಲ್ಲಿನ ಕಮಾನು ಸೇತುವೆ. ಅದರ ನಡುಕಂಬದ ಮೇಲೆ 1400ರ ಸುಮಾರಿಗೆ ಕಟ್ಟಿದ ಒಂದು ಪುಟ್ಟ ಪ್ರಾರ್ಥನಾಮಂದಿರ. ನಮ್ಮ ಕಡೆ ಕಟ್ಟೆಯ ಗುಡಿ ಇರುತ್ತದಲ್ಲ, ಅಷ್ಟೇ ದೊಡ್ಡದು. ಸೇತುವೆಯ ಮೇಲೆ ಆಳೆತ್ತರದ ಕಂಚಿನ ಹೆಸ್ಸೆ ನಿಂತಿದ್ದಾರೆ. 2002ರಲ್ಲಿ, ಅವರು ಹುಟ್ಟಿ 125 ವರ್ಷವಾದಾಗ ಇಟ್ಟದ್ದು. ಚಿಕ್ಕಂದಿನಲ್ಲಿ ಅವರು ಮೀನಿಗೆ ಗಾಳ ಹಾಕುತ್ತಿದ್ದದ್ದು ಇದೇ ನದಿಗೆ. ಶಾಲೆ ಬಿಟ್ಟು ಹೊರಟ ಇಬ್ಬರು ಹುಡುಗರು ಪ್ರತಿಮೆಯ ಕೈಗೆ ಬ್ಯಾಗು ತಗುಲಿಸಿ ಫೋಟೊ ತೆಗೆದರು. ನಾವು ಆಮೇಲೆ ನೀರು ನೋಡುತ್ತಾ ನಿಂತೆವು. ಆರು ಗಂಟೆಗೂ ಮೊದಲೇ ಗುಡ್ಡದ ನೆರಳು ಊರಿನ ಮೇಲೆ ಬಿತ್ತು.

ಎರಡನೇ ದಿನ, ಶನಿವಾರ

ಶನಿವಾರ ಚೌಕದಲ್ಲಿ ಸಂತೆ. ದೊಡ್ಡದೇನಲ್ಲ. ಮೊಟ್ಟೆ, ಚೀಸ್, ಆಲೂಗಡ್ಡೆ, ಹೂವಿನ ಕುಂಡ. ಒಬ್ಬ ಹೆಂಗಸು ಕಟ್ಟು ಕಟ್ಟಾಗಿ ಹಸಿರೆಲೆ ಮಾರುತ್ತಿದ್ದರು. ಅರಸಿನದ ಎಳೆ ಎಲೆಯ ಹಾಗೆ ಉದ್ದ, ಮೆತ್ತಗೆ, ಮುಟ್ಟಿದರೆ ತಣ್ಣಗೆ. ಒಂದನ್ನು ಬೆರಳಲ್ಲಿ ಹಿಸುಕಿದೆ. ಗಮ್ಮೆಂದು ಬೆಳ್ಳುಳ್ಳಿ ವಾಸನೆ! ಇದರ ಹೆಸರು ಬೇರ್‌ಲೌಖ್. ಬೇರ್ ಎಂದರೆ ಕರಡಿ. ಮಾರ್ಚ್ ಏಪ್ರಿಲ್‌ನಲ್ಲಿ ಕಾಡಿನ ತಂಪು ಜಾಗಗಳಲ್ಲಿ ತಾನಾಗಿ ಬೆಳೆಯುತ್ತದೆ, ಸೂಪಿಗೂ ಚಟ್ನಿಯಂಥದ್ದಕ್ಕೂ ಹಾಕುತ್ತಾರೆ. ಎರಡು ಕಟ್ಟು ತೆಗೆದುಕೊಂಡೆ. ರಾತ್ರಿ ಅದನ್ನು ಸಣ್ಣಗೆ ಹೆಚ್ಚಿ, ಒಗ್ಗರಣೆಗೆ ಹಾಕಿ, ಅನ್ನಕ್ಕೆ ಕಲಸಿದೆ. ಮಗಳು ಎರಡು ಸಲ ಬಡಿಸಿಕೊಂಡಳು.

ಚೌಕದ ಸುತ್ತ ಇರುವ ಮನೆಗಳನ್ನು ನೋಡುತ್ತಾ ಗಂಟೆಗಟ್ಟಲೆ ನಿಲ್ಲಬಹುದು. ಮೊದಲು ಮರದ ಚೌಕಟ್ಟು ನಿಲ್ಲಿಸುತ್ತಾರೆ. ತೊಲೆಗೆ ತೊಲೆ ಸೇರುವಲ್ಲಿ ಮೊಳೆ ಇಲ್ಲ, ಮರದ ಬೆಣೆ. ನಡುವಿನ ಖಾಲಿ ಜಾಗದಲ್ಲಿ ಕೋಲು ಹೆಣೆದು, ಹುಲ್ಲು ಬೆರೆಸಿದ ಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿಯುತ್ತಾರೆ. ಹಾಗಾಗಿ ಬಿಳಿ ಗೋಡೆಯ ಮೇಲೆ ಕಂದು ತೊಲೆಗಳು ಅಡ್ಡ, ಉದ್ದ, ಓರೆಯಾಗಿ ಎದ್ದು ಕಾಣುತ್ತವೆ. ಮೇಲಿನ ಮಹಡಿ ಕೆಳಗಿನದಕ್ಕಿಂತ ಒಂದು ಗೇಣು ಮುಂದೆ ಬಂದಿರುತ್ತದೆ. ಒಂದು ಮನೆಯ ಮೂಲೆಯ ತೊಲೆಯನ್ನು ಕೈಯಲ್ಲಿ ಸವರಿ ನೋಡಿದೆ. ಬಾಚಿಯಲ್ಲಿ ಕೆತ್ತಿದ ಗುರುತು ಇನ್ನೂ ಬೆರಳಿಗೆ ಸಿಗುತ್ತದೆ.

ಹೆಂಚು ನೋಡದೆ ಮಂಗಳೂರಿನವಳಿಗೆ ಸಮಾಧಾನ ಇಲ್ಲ. ನಮ್ಮ ಹೆಂಚು ಒಂದರ ತೋಡಿಗೆ ಇನ್ನೊಂದು ಕೂತು ಬೀಗ ಹಾಕಿದಂತೆ ಇರುತ್ತದೆ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮತಪ್ರಚಾರ ಸಂಸ್ಥೆಯವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಬಂದ ಬಗೆ ಅದು. ಇಲ್ಲಿನ ಹಳೆ ಮನೆಗಳದ್ದು ಬೇರೆ. ಚಪ್ಪಟೆ ಹೆಂಚು, ಕೆಳತುದಿ ದುಂಡಗೆ. ಬೀವರ್ ಎಂಬ ಪ್ರಾಣಿಯ ಬಾಲದ ಹಾಗೆ ಕಾಣುತ್ತದೆ ಅಂತ ಅದಕ್ಕೆ ಬೀವರ್ ಬಾಲ ಎಂದೇ ಹೆಸರು. ಸಾಲಿನ ಮೇಲೆ ಸಾಲು ಹೊದಿಸಿದಾಗ ಮೀನಿನ ಮೈಯ ಹುರುಪೆ ನೋಡಿದಂತೆ.

ಮನೆಗಳು ಹಳೆಯವು ಎಂದೆನಾದರೂ ಒಂದೂ 1692ಕ್ಕಿಂತ ಹೆಚ್ಚು ಹಳೆಯದಾಗಿ ಕಾಣುವುದಿಲ್ಲ. ಊರಿನ ಹೆಸರು 1075ರ ದಾಖಲೆಯಲ್ಲೇ ಇದೆ. ಆದರೆ ಎರಡು ಸಲ ಸುಟ್ಟು ಬೂದಿಯಾಯಿತು. ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿದ್ದಾಗ, 1634ರಲ್ಲಿ ಒಮ್ಮೆ. 1692ರಲ್ಲಿ ಫ್ರೆಂಚ್ ಸೈನ್ಯ ಬಂದಾಗ ಇನ್ನೊಮ್ಮೆ. ಒಂದೇ ಜನ್ಮದಲ್ಲಿ ಎರಡೂ ಬೆಂಕಿ ನೋಡಿದ ಮುದುಕರು ಇದ್ದಿರಬಹುದು. ಪುರಭವನದ ಕೆಳಗಿನ ಕಮಾನು ಸಾಲು 1673ರದ್ದು. ಅದರ ಮೇಲಿನ ಮಹಡಿಗಳನ್ನು ಎರಡನೇ ಬೆಂಕಿಯ ನಂತರ ಮತ್ತೆ ಕಟ್ಟಿದರು.

ಅಷ್ಟು ಬೇಗ ಮತ್ತೆ ಕಟ್ಟಲು ದುಡ್ಡು ಎಲ್ಲಿಂದ ಬಂತು? ಉಣ್ಣೆಯಿಂದ. ಇದು ನೇಕಾರರ, ಬಣ್ಣಗಾರರ ಊರು. 1650ರಲ್ಲಿ ಇಲ್ಲಿನ ಬಣ್ಣಗಾರ ವ್ಯಾಪಾರಿಗಳು ಸೇರಿ ಒಂದು ಬಟ್ಟೆ ಕಂಪನಿ ಕಟ್ಟಿದರು. ಸುತ್ತಲಿನ ಹಳ್ಳಿಗಳಲ್ಲಿ ನೇಯ್ದ ಉಣ್ಣೆಬಟ್ಟೆಗೆ ಬಣ್ಣ ಹಾಕಿ ದೂರದೂರದ ದೇಶಗಳಿಗೆ ಮಾರಿದರು. 1797ರ ತನಕ ಆ ಕಂಪನಿ ನಡೆಯಿತು. ಊರು ಶ್ರೀಮಂತವಾಯಿತು. ಆದರೆ ನೇಕಾರ ತನ್ನ ಬಟ್ಟೆಯನ್ನು ಬೇರೆ ಯಾರಿಗೂ ಮಾರುವಂತಿರಲಿಲ್ಲ. ಕಂಪನಿಗೇ ಕೊಡಬೇಕು, ಗೊತ್ತು ಮಾಡಿದ ಬೆಲೆಗೇ ಕೊಡಬೇಕು. ಚೌಕದ ಚೆಂದದ ಮನೆಗಳನ್ನು ನೋಡುವಾಗ ಆ ಹಳ್ಳಿಯ ಮಗ್ಗಗಳ ನೆನಪೂ ಬೇಕು ಅಂತ ನನಗನ್ನಿಸುತ್ತದೆ.

ಇದೇ ಬಣ್ಣಗಾರರು 1621ರಲ್ಲಿ ಒಂದು ದತ್ತಿನಿಧಿಯನ್ನೂ ಮಾಡಿದ್ದರು. ಬಡವರಿಗೆ, ಓದುವ ಮಕ್ಕಳಿಗೆ ನೆರವು. ಅದನ್ನು ಮಾಡಿಸಿದವರು ಇಲ್ಲಿನ ಚರ್ಚಿನ ಹಿರಿಯ ಯೋಹಾನ್ ವಾಲೆಂಟಿನ್ ಆಂಡ್ರಿಯೆ. ಒಳ್ಳೆಯ ಊರು ಹೇಗಿರಬೇಕು ಅಂತ ಯೋಚಿಸಿ ಬರೆದ ಮನುಷ್ಯ. 1634ರ ಬೆಂಕಿಯಲ್ಲಿ ಅವರ ಪುಸ್ತಕಗಳೆಲ್ಲ ಸುಟ್ಟುಹೋದವು. ಆದರೂ ಐದು ವರ್ಷ ಇಲ್ಲೇ ಇದ್ದು ಊರನ್ನು ಮೇಲೆತ್ತಿದರು.

ಹೆಸ್ಸೆ ಹುಟ್ಟಿದ ಮನೆ ಚೌಕದ 6ನೇ ನಂಬರಿನದು. 1877ರ ಜುಲೈ 2. ಈಗ ಕೆಳಗೆ ಅಂಗಡಿ ಇದೆ. ಅವರ ಹೆಸರಿನ ಮ್ಯೂಸಿಯಂ ನವೀಕರಣಕ್ಕಾಗಿ ಮುಚ್ಚಿತ್ತು. ನನ್ನ ಮನಸ್ಸು ಇದ್ದದ್ದು ಹೊಳೆಯ ಆಚೆ. ಸೇತುವೆ ದಾಟಿ ಬಿಶೋಫ್ ಬೀದಿಗೆ ಬಂದೆವು. 4ನೇ ನಂಬರಿನ ಮನೆ. ಗುಂಡರ್ಟ್ ನಡೆಸಿದ ಕಾಲ್ಫ್‌ನ ಪ್ರಕಾಶನ ಸಂಘ ಇದ್ದದ್ದು ಇಲ್ಲೇ.

ಗುಂಡರ್ಟ್ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಟ್ಟಿದ್ದು 1814ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ. ಟ್ಯೂಬಿಂಗನ್‌ನಲ್ಲಿ ಓದುವಾಗ ತನಗಿಂತ ಮೂರು ವರ್ಷ ದೊಡ್ಡವನಾದ ಮೋಗ್ಲಿಂಗ್ ಸ್ನೇಹ ಆಯಿತು. ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. ಗುಂಡರ್ಟ್ ಬೇರೆ ದಾರಿಯಲ್ಲಿ ಮದ್ರಾಸಿನ ಕಡೆಗೆ ಬಂದು, 1838ರಲ್ಲಿ ಮಂಗಳೂರಿನಲ್ಲಿ ಗೆಳೆಯನನ್ನು ಸೇರಿಕೊಂಡರು. ಮರುವರ್ಷ ತಲಶ್ಶೇರಿಗೆ ಹೋದರು. ಒಬ್ಬರು ಕನ್ನಡಕ್ಕೆ, ಒಬ್ಬರು ಮಲಯಾಳಕ್ಕೆ. ಮೋಗ್ಲಿಂಗ್ ಪತ್ರಿಕೆ ಮಾಡಿದ್ದಲ್ಲದೆ ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಗುಂಡರ್ಟ್ 1847ರಲ್ಲಿ ಮಲಯಾಳದ ಮೊದಲ ಪತ್ರಿಕೆ ಹೊರಡಿಸಿದರು, ವ್ಯಾಕರಣ ಬರೆದರು.

ಅವರು ಬಂದದ್ದು ಮತಪ್ರಚಾರಕ್ಕೆ. ಅದನ್ನು ಮರೆಮಾಡಬೇಕಾಗಿಲ್ಲ. ಆದರೆ ಮಾತು ಕಲಿಯುತ್ತಾ ಕಲಿಯುತ್ತಾ ಆ ಮಾತಿನ ಪ್ರೀತಿಗೇ ಬಿದ್ದವರ ಕೆಲಸ ಇದು. ದಾಸರ ಪದ ಅಚ್ಚು ಹಾಕಿಸಿದ್ದರಿಂದ ಪಾದ್ರಿಗೆ ಏನು ಲಾಭ, ಹೇಳಿ.

1859ರಲ್ಲಿ ಗುಂಡರ್ಟ್ ಆರೋಗ್ಯ ಕೆಟ್ಟು ಊರಿಗೆ ಮರಳಿದರು. ಕಾಲ್ಫ್‌ನ ಪ್ರಕಾಶನ ಸಂಘವನ್ನು ಕಟ್ಟಿದ್ದ ಬಾರ್ತ್ 1862ರಲ್ಲಿ ತೀರಿಕೊಂಡ ಮೇಲೆ ಅದರ ಹೊಣೆ ಇವರಿಗೆ ಬಂತು. ಕೊನೆತನಕ, 1893ರವರೆಗೆ, ಇದೇ ಊರು. ಅವರ ಮಲಯಾಳ ನಿಘಂಟು ಅಚ್ಚಾದದ್ದು 1872ರಲ್ಲಿ, ನಮ್ಮ ಮಂಗಳೂರಿನಲ್ಲಿ. ಮಲೆಯಾಳಿಗಳು ಅದನ್ನು ಇವತ್ತಿಗೂ ಮರೆತಿಲ್ಲ. ಬರೆದ ಕೈ ಇಲ್ಲಿ, ಅಚ್ಚಿನ ಮೊಳೆ ಅಲ್ಲಿ. ಮುಂದೆ ಮೋಗ್ಲಿಂಗ್ ಕಥೆ ಬರೆದಾಗ ಅವರಿಗೆ ಅರವತ್ತೆಂಟು ವರ್ಷ. ಹುಡುಗನಾಗಿದ್ದಾಗ ಕಂಡ ಗೆಳೆಯನ ಬದುಕನ್ನು ಮುದುಕನಾಗಿ ಬರೆಯುವುದು ಎಂಥ ಕೆಲಸ! ಗುಂಡರ್ಟ್ ಮುದಿವಯಸ್ಸಿನ ಕೆಲಸಕ್ಕೆಲ್ಲ ಸಾಕ್ಷಿಯಾದ ಈ ಬೀದಿಯಲ್ಲಿ ನಾನು ತುಂಬಾ ಹೊತ್ತು ನಿಂತೆ. ಮಗಳು ಏನೂ ಕೇಳಲಿಲ್ಲ, ಪಕ್ಕದಲ್ಲಿ ಸುಮ್ಮನೆ ನಿಂತಳು.

ಗುಂಡರ್ಟ್ ಮಗಳು ಮೇರಿ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ. ಆಕೆಯ ಮಗನೇ ಹೆಸ್ಸೆ. ಅಪ್ಪ ಯೋಹಾನೆಸ್ ಕೂಡ ಬಾಸೆಲ್ ಮಿಶನ್ ಕೆಲಸಕ್ಕೆ ಇಂಡಿಯಾಕ್ಕೆ ಬಂದಿದ್ದವರು. ಅಜ್ಜನ ಮನೆಯ ಗಾಜಿನ ಕಪಾಟಿನಲ್ಲಿ ಇಂಡಿಯಾದಿಂದ ತಂದ ವಸ್ತುಗಳಿದ್ದವು. ಅದನ್ನು ನೋಡುತ್ತಾ ಬೆಳೆದ ಹುಡುಗ ಮುಂದೆ 'ಸಿದ್ಧಾರ್ಥ' ಬರೆದು, 1946ರಲ್ಲಿ ನೊಬೆಲ್ ಪಡೆದರು. ಆದರೆ ಅವರಿಗೆ ನಮ್ಮ ನೆಲ ಮುಟ್ಟಲು ಆಗಲೇ ಇಲ್ಲ. 1911ರಲ್ಲಿ ಹಡಗು ಹತ್ತಿ ಸಿಲೋನ್, ಸುಮಾತ್ರ ತನಕ ಬಂದು ತಿರುಗಿ ಹೋದರು. ಅಜ್ಜ, ಅಮ್ಮ, ಅಪ್ಪ ಕಂಡಿದ್ದ ಕರಾವಳಿಯನ್ನು ಮೊಮ್ಮಗ ಕಾಣಲಿಲ್ಲ ಎನ್ನುವುದು ನನಗೆ ಈಗಲೂ ಒಂದು ಸಣ್ಣ ನೋವು.

ಮೂರನೇ ದಿನ, ಭಾನುವಾರ

ಅಡುಗೆಮನೆಯ ಗೋಡೆ ಗಡಿಯಾರ ನೋಡಿಕೊಂಡು ಆರಾಮಾಗಿ ಉಪ್ಪಿಟ್ಟು ಮಾಡಿ ತಿಂದು ಬಸ್ ನಿಲ್ದಾಣಕ್ಕೆ ಹೋದರೆ, ಬಸ್ಸು ಹೋಗಿ ಒಂದು ಗಂಟೆ ಆಗಿದೆ! ಮಾರ್ಚ್ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ರಾತ್ರಿ ಎರಡಾದ ಮೇಲೆ ನೇರ ಮೂರು. ಫೋನು ತಾನಾಗಿ ಬದಲಾಗಿತ್ತು, ಗೋಡೆಯದು ಹಾಗೇ ಇತ್ತು.

ಗಡಿಯಾರಕ್ಕೂ ಈ ಊರಿಗೂ ಹಳೆಯ ನಂಟು ಅಂತ ಮಗಳು ಅಲ್ಲೇ ಬೆಂಚಿನ ಮೇಲೆ ಕೂತು ಹೇಳಿದಳು. ಹೆಸ್ಸೆ ಹದಿನಾಲ್ಕನೇ ವಯಸ್ಸಿಗೆ ಮೌಲ್‌ಬ್ರೋನ್‌ನ ಗುರುಕುಲದಂಥ ಶಾಲೆಯಿಂದ ಓಡಿಹೋದರು. ಆಮೇಲೆ ಎಲ್ಲೂ ನಿಲ್ಲಲಿಲ್ಲ. ಕೊನೆಗೆ 1894ರಲ್ಲಿ ಕಾಲ್ಫ್‌ನ ಪೆರೋ ಎಂಬ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದರು. ಚರ್ಚಿನ ಗೋಪುರಗಳಿಗೆ ದೊಡ್ಡ ಗಡಿಯಾರ ಮಾಡುವ ಕಾರ್ಖಾನೆ. ಒಂದು ವರ್ಷಕ್ಕೂ ಮಿಕ್ಕಿ ಕಬ್ಬಿಣ ಉಜ್ಜಿದರು. ಆ ಮನೆತನದ ಕಂಪನಿ ಈಗಲೂ ಇದೆ. ಮೆಕ್ಕಾದ ಗೋಪುರದಲ್ಲಿ 43 ಮೀಟರ್ ಅಗಲದ ಮುಖವಿರುವ ಜಗತ್ತಿನ ಅತಿ ದೊಡ್ಡ ಗಡಿಯಾರದ ಯಂತ್ರವನ್ನು ಮಾಡಿದ್ದೂ ಇವರೇ. ಕಾಡಿನ ಕಣಿವೆಯ ಊರಿನ ಕೈಕೆಲಸ ಎಲ್ಲಿಯವರೆಗೆ ಹೋಗಿದೆ ನೋಡಿ.

ಮುಂದಿನ ಬಸ್ಸಿಗೆ ಎರಡು ಗಂಟೆ ಇತ್ತು. ಹಳೆಯ ಮಠವಿದ್ದ ಹಿರ್ಸಾವ್‌ಗೆ ನಡೆದೇ ಹೋದೆವು. ನದಿಯ ಪಕ್ಕ ಮೂರು ಕಿಲೋಮೀಟರ್. ಎದುರು ಸಿಕ್ಕವರೆಲ್ಲ "ಗ್ರ್ಯೂಸ್ ಗಾಟ್" ಎನ್ನುತ್ತಿದ್ದರು. ದೇವರ ಹೆಸರು ಹೇಳಿ ಮಾಡುವ ನಮಸ್ಕಾರ. ನಾಲ್ಕನೆಯವರಿಗೆ ನಾನೂ ತಿರುಗಿ ಹೇಳಿದೆ. ಹಿಂದೆ ಇದೇ ನೀರಿನಲ್ಲಿ ಮರದ ದಿಮ್ಮಿಗಳನ್ನು ಕಟ್ಟಿ ತೆಪ್ಪವಾಗಿ ತೇಲಿಬಿಡುತ್ತಿದ್ದರು. ನಾಗೋಲ್ಡ್‌ನಿಂದ ಎಂಟ್ಸ್, ನೆಕ್ಕರ್, ರೈನ್ ನದಿಗಳನ್ನು ಹಿಡಿದು ಹಾಲೆಂಡಿನ ತನಕ. ಈ ಕಾಡಿನ ಫರ್ ಮರಗಳು ಅಲ್ಲಿ ಹಡಗುಗಳಿಗೂ ಕೆಸರು ನೆಲದಲ್ಲಿ ಮನೆಗಳಿಗೆ ಊರುಗಂಬಗಳಾಗಿಯೂ ಬೇಕಾಗಿದ್ದವು. ನೀರು ಅಷ್ಟೊಂದು ಆಳವಿಲ್ಲ, ತಳದ ಕಲ್ಲು ಕಾಣುತ್ತದೆ.

ಹಿರ್ಸಾವ್ ಮಠ ಒಂದು ಕಾಲಕ್ಕೆ ಇಡೀ ಜರ್ಮನಿಗೆ ಗೊತ್ತಿದ್ದ ಹೆಸರು. 1069ರಲ್ಲಿ ವಿಲ್‌ಹೆಲ್ಮ್ ಎಂಬ ಹಿರಿಯರು ಬಂದು ಮಠವನ್ನು ಶಿಸ್ತಿಗೆ ತಂದರು. ಇಲ್ಲಿನ ಕ್ರಮವನ್ನು ನೋಡಿ ಬೇರೆ ಎಷ್ಟೋ ಮಠಗಳು ತಿದ್ದಿಕೊಂಡವು. ಜನ ಹೆಚ್ಚಾಗಿ ಹಳೆ ಕಟ್ಟಡ ಸಾಲದಾದಾಗ ಹೊಳೆಯ ಆಚೆ ಇನ್ನೊಂದು ದೊಡ್ಡ ಚರ್ಚ್ ಕಟ್ಟಿದರು. ಅದು ಸುಮಾರು 100 ಮೀಟರ್ ಉದ್ದವಿತ್ತು. 1091ರಲ್ಲಿ ಪ್ರತಿಷ್ಠೆ ಆಯಿತು. 1692ರಲ್ಲಿ ಅದೇ ಫ್ರೆಂಚ್ ಸೈನ್ಯ ಅದನ್ನೂ ಸುಟ್ಟಿತು.

ಈಗ ಉಳಿದದ್ದು ಗೂಬೆ ಗೋಪುರ ಎಂಬ ಒಂಟಿ ಗೋಪುರ, ಕಿಟಕಿಯ ಕಮಾನುಗಳ ಒಂದು ಸಾಲು, ಹುಲ್ಲು. ಚರ್ಚ್ ಇದ್ದ ಜಾಗದಲ್ಲಿ ಬರೀ ಹುಲ್ಲು ಹಾಸು. ಅದರ ಮೇಲೆ ಉದ್ದಕ್ಕೆ ಹೆಜ್ಜೆ ಎಣಿಸುತ್ತಾ ನಡೆದೆ. ನೂರೈವತ್ತು ದಾಟಿತು. ಹಂಪಿಯಲ್ಲಿ ಅರಮನೆಯ ಅಡಿಪಾಯದ ಮೇಲೆ ನಡೆಯುವಾಗ ಹೇಗೆ ಅನ್ನಿಸುತ್ತದೋ ಇಲ್ಲೂ ಹಾಗೇ. ಪಕ್ಕದಲ್ಲಿ ಡ್ಯೂಕರ ಬೇಟೆಯ ಅರಮನೆಯ ಗೋಡೆಗಳು ಮಾತ್ರ ನಿಂತಿವೆ, ಮಾಡು ಇಲ್ಲ. ಅದರೊಳಗೆ ಒಂದು ಎಲ್ಮ್ ಮರ ತಾನಾಗಿ ಹುಟ್ಟಿ, ಬೆಳಕಿಗಾಗಿ ನೆಟ್ಟಗೆ ಮೇಲೇರಿ, ಗೋಡೆಯನ್ನೂ ಮೀರಿ ಬೆಳೆದಿತ್ತು. ಉಲಾಂಡ್ ಎಂಬ ಕವಿ ಅದರ ಮೇಲೆ ಹಾಡು ಕಟ್ಟಿದ್ದರಿಂದ ದೇಶಕ್ಕೆಲ್ಲ ಹೆಸರಾಯಿತು. ಯುರೋಪಿನ ಎಲ್ಮ್ ಮರಗಳಿಗೆಲ್ಲ ಬಂದ ರೋಗ ಅದಕ್ಕೂ ತಗುಲಿ, 1989ರಲ್ಲಿ ಕಡಿಯಬೇಕಾಯಿತು.

ಮಧ್ಯಾಹ್ನ ಬೇಳೆ ಮತ್ತು ಶ್ಪೆಟ್ಸ್ಲೆ ತಿಂದೆವು. ಶ್ಪೆಟ್ಸ್ಲೆ ಎಂದರೆ ಮೊಟ್ಟೆ ಹಾಕಿದ ಮೈದಾ ಹಿಟ್ಟನ್ನು ಕುದಿಯುವ ನೀರಿಗೆ ಕೆರೆದು ಹಾಕಿ ಬೇಯಿಸಿದ ಎಳೆ. ಇಡೀ ಕಂದು ಬೇಳೆಯನ್ನು ವಿನೆಗರ್ ಹಾಕಿ ಸ್ವಲ್ಪ ಹುಳಿ ಮಾಡುತ್ತಾರೆ. ಸಾಸೇಜ್ ಬೇಡ ಎಂದೆವು. ನಮ್ಮ ಹುರುಳಿ ಸಾರಿನ ದೂರದ ನೆಂಟ ಅನ್ನಬಹುದು.

ಅಲ್ಲಿಂದ ಬಸ್ಸಿನಲ್ಲಿ ತ್ಸಾವೆಲ್‌ಶ್ಟೈನ್‌ಗೆ ಹೋದೆವು. ಕಾಡು ಕ್ರೋಕಸ್ ಹೂವಿನ ಹುಲ್ಲುಗಾವಲು ನೋಡಲು. ಕೇಸರಿ ಹೂವಿನ ಜಾತಿ ಇದು, ನೇರಳೆ ಬಣ್ಣ, ನೆಲದಿಂದ ಒಂದು ಗೇಣೂ ಇಲ್ಲ. ಹೆಚ್ಚಿನವು ಬಾಡಿದ್ದವು. ನೆರಳಿದ್ದ ಒಂದು ಇಳಿಜಾರಿನಲ್ಲಿ ಮಾತ್ರ ನೂರಾರು ಹೂ ಇನ್ನೂ ಬಾಯಿ ತೆರೆದುಕೊಂಡಿದ್ದವು. ಯಾರೂ ಹುಲ್ಲಿಗೆ ಕಾಲಿಡುವುದಿಲ್ಲ. ಮಕ್ಕಳು ಕೂಡ ದಾರಿಯ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು.

ನಾಲ್ಕನೇ ದಿನ, ಸೋಮವಾರ

ಕಾಲ್ಫ್‌ನಿಂದ ಟ್ಯೂಬಿಂಗನ್‌ಗೆ ನಾಗೋಲ್ಡ್ ಕಣಿವೆಯ ರೈಲು. ಹೋರ್ಬ್‌ನಲ್ಲಿ ಬದಲಿಸಬೇಕು. ಒಂದೂವರೆ ಗಂಟೆಯ ದಾರಿ, ಸುರಂಗ, ಸೇತುವೆ, ಕಾಡು. ಬೆಳಿಗ್ಗೆ ಬೇಕರಿಯಲ್ಲಿ ಬೆಣ್ಣೆ ಸವರಿದ ಬ್ರೆಟ್ಸೆಲ್ ಕಟ್ಟಿಸಿಕೊಂಡಿದ್ದೆವು. ಈ ಸೀಮೆಯ ಬ್ರೆಟ್ಸೆಲ್ ಕೆಳಗಡೆ ದಪ್ಪ ಹೊಟ್ಟೆ, ಅದರ ಮೇಲೊಂದು ಸೀಳು, ಮೇಲೆ ಹೆಣೆದ ತೋಳುಗಳು ಮಾತ್ರ ಸಪೂರ. ಒಂದೇ ತಿಂಡಿಯಲ್ಲಿ ತೋಳು ಚಕ್ಕುಲಿಯ ಹಾಗೆ ಗರಿಗರಿ, ಹೊಟ್ಟೆ ಬನ್ಸಿನ ಹಾಗೆ ಮೆತ್ತಗೆ.

ಟ್ಯೂಬಿಂಗನ್ ಬಗ್ಗೆ ಬರೆದರೆ ಅದೇ ಬೇರೆ ಕಥೆ ಆದೀತು. ನಾನು ಹೋದದ್ದು ಎರಡು ಕಾರಣಕ್ಕೆ. ಒಂದು, ನೆಕ್ಕರ್ ನದಿಯ ಮೇಲ್ಗಡೆ ಇರುವ ಶ್ಟಿಫ್ಟ್. 1536ರಿಂದ ಪಾದ್ರಿ ಆಗುವ ಹುಡುಗರು ಇದ್ದು ಓದುವ ಮನೆ. ಮೊದಲ ದಿನ ವೈಲ್ ಡೆರ್ ಶ್ಟಾಟ್‌ನಲ್ಲಿ ಕಂಡ ಕೆಪ್ಲರ್ ಓದಿದ್ದೂ ಇಲ್ಲೇ. ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಕವಿ ಹೋಲ್ಡರ್ಲಿನ್ ಕೂಡ. ಮೋಗ್ಲಿಂಗ್, ಗುಂಡರ್ಟ್ ಸ್ನೇಹ ಬೆಳೆದದ್ದು ಇಲ್ಲಿ. ಈಗಲೂ ಹುಡುಗ ಹುಡುಗಿಯರು ಇದ್ದು ಓದುತ್ತಾರೆ. ಬಾಗಿಲ ಹೊರಗೆ ಸೈಕಲ್ಲುಗಳ ಸಾಲು.

ಎರಡನೆಯದು ಕಿಟೆಲ್. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ನಮ್ಮಲ್ಲಿಗೆ ಬಂದವರು. ಎಪ್ಪತ್ತು ಸಾವಿರದಷ್ಟು ಪದಗಳ ಅವರ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಮೋಗ್ಲಿಂಗ್‌ಗೂ 1858ರಲ್ಲಿ ಕೊಟ್ಟಿತ್ತು. ಕಿಟೆಲ್ 1903ರ ಡಿಸೆಂಬರಿನಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ನನ್ನ ಮೇಜಿನ ಮೇಲೆ ಮೂವತ್ತು ವರ್ಷ ಆ ನಿಘಂಟು ಇತ್ತು. ಒಂದು ಪದಕ್ಕೆ ಬಸವ ಪುರಾಣದಲ್ಲಿ ಏನು ಬಳಕೆ, ಗಾದೆಯಲ್ಲಿ ಏನು ಬಳಕೆ ಅಂತ ಅವರು ಹುಡುಕಿ ಕೊಟ್ಟದ್ದನ್ನು ಓದಿ ಓದಿಯೇ ನಾನು ಮೇಷ್ಟ್ರಮ್ಮ ಆದದ್ದು. ನೆಕ್ಕರ್ ಸೇತುವೆಯ ಮೇಲೆ ನಿಂತು ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಗುಂಡರ್ಟ್ ಬಿಟ್ಟುಹೋದ ಕೈಬರಹಗಳು ಇಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಈಗ ಅವುಗಳನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ನೋಡಬಹುದು. ಮಲಯಾಳಕ್ಕೆ ಇಲ್ಲಿ ಗುಂಡರ್ಟ್ ಹೆಸರಿನ ಪೀಠವೂ ಆಗಿದೆ. ಕನ್ನಡಕ್ಕೆ ಮೋಗ್ಲಿಂಗ್, ಕಿಟೆಲ್ ಹೆಸರಿನಲ್ಲಿ ಹಾಗೊಂದು ಪೀಠ ಇಲ್ಲಿ ಆಗಬೇಕು. ನಾವು ಕೇಳಬೇಕು, ಕೇಳಿಸುವಂತೆ ಕೇಳಬೇಕು.

ಸಂಜೆ ಮರಳಿದಾಗ ಮನೆಯೊಡತಿ ಚಹಾಕ್ಕೆ ಕರೆದರು. ನಾನು ಯಾಕೆ ಬಂದೆ ಅಂತ ಮಗಳು ವಿವರಿಸಿದ ಮೇಲೆ ಎದ್ದು ಹೋಗಿ ಒಂದು ಸಣ್ಣ ಪುಸ್ತಕ ತಂದರು. ಅವರ ಅಜ್ಜಿಯದು. ಕಾಲ್ಫ್ ಸಂಘದವರು ಅಚ್ಚು ಹಾಕಿದ್ದ ಬಾರ್ತ್ ಅವರ ಬೈಬಲ್ ಕಥೆಗಳು. ಆ ಪುಸ್ತಕ ಹತ್ತಾರು ಭಾಷೆಗಳಿಗೆ ಹೋಗಿತ್ತು. ಪುಟ ಹಳದಿಯಾಗಿ, ಮೂಲೆಗಳು ಬೆರಳು ತಾಗಿ ಕಪ್ಪಾಗಿದ್ದವು. ಹಳೆಯ ಗೋಥಿಕ್ ಅಕ್ಷರ. ಹತ್ತು ವರ್ಷದಿಂದ ಜರ್ಮನ್ ಓದುವ ಮಗಳಿಗೂ ಅದು ತಡವರಿಸಿತು. ಎಸ್ ಯಾವುದು, ಎಫ್ ಯಾವುದು ಅಂತ ಗೊತ್ತಾಗದ ಹಾಗೆ ಇರುತ್ತದೆ. ಮನೆಯೊಡತಿ ಬೆರಳಿಟ್ಟು ಓದಿ ತೋರಿಸಿದರು. ಕೊನೆಗೆ ಮೊದಲ ಪುಟದ ಕೆಳಗಿದ್ದ ಊರಿನ ಹೆಸರನ್ನು ನಾನೇ ಕೂಡಿಸಿ ಓದಿದೆ. ಕಾಲ್ಫ್.

ಕನ್ನಡದಲ್ಲಿ ಅದನ್ನು ಹೇಗೆ ಬರೆಯುತ್ತೀರಿ ಎಂದು ಅವರು ಕೇಳಿದರು. ಬರೆದು ಕೊಟ್ಟೆ. ಲ ಕೆಳಗೆ ಫ ಒತ್ತು ಯಾಕೆ ಬಂತು ಅಂತ ಅವರಿಗೆ ತಿಳಿಯಬೇಕಿತ್ತು. ಎರಡು ವ್ಯಂಜನ ನಡುವೆ ಸ್ವರವಿಲ್ಲದೆ ಸೇರಿದರೆ ಎರಡನೆಯದು ಕೆಳಗೆ ಹೋಗುತ್ತದೆ ಅಂತ ಹೇಳಿ, ಅಮ್ಮ, ಅಕ್ಕ, ಹಕ್ಕಿ ಬರೆದು ತೋರಿಸಿದೆ. ಅವರು ಮೂರನ್ನೂ ತಿದ್ದಿ ತಿದ್ದಿ ಬರೆದರು. ಅಕ್ಕದ ಒತ್ತು ಚೆನ್ನಾಗಿ ಬಂತು.

ಮಂಗಳವಾರ ಬೆಳಿಗ್ಗೆ ಹೊರಡಲು ಬಾಗಿಲು ತೆಗೆದರೆ ಹಲಗೆ ನಮ್ಮ ಬಾಗಿಲಿಗೆ ಬಂದಿತ್ತು. ಬಾಡಿಗೆಗೆ ಬಂದವರು ಗುಡಿಸಬೇಕಾಗಿಲ್ಲ, ನಾನೇ ಮಾಡುತ್ತೇನೆ ಎಂದರು ಮನೆಯೊಡತಿ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ನಾನು ಕೇಳಿ ಪೊರಕೆ ತೆಗೆದುಕೊಂಡೆ. ಉದ್ದ ಹಿಡಿಯ ಪೊರಕೆ, ನಿಂತೇ ಗುಡಿಸಬೇಕು. ಮೆಟ್ಟಿಲು ಮುಗಿಸಿ, ಅಂಗಳ ಮುಗಿಸಿ, ಕಾಲುದಾರಿಯ ಎಲೆಗಳನ್ನು ಒಂದು ಕಡೆ ಮಾಡಿದೆ. ಮಗಳು ಪೆಟ್ಟಿಗೆ ಹಿಡಿದು ಗೇಟಿನ ಹತ್ತಿರ ಕಾಯುತ್ತಿದ್ದಳು.